ಹದಿನೈದನೆಯ ದಿನದ ಹೊಸ್ತಿಲಲ್ಲಿ ವಿಜ್ಞಾನ

ಫಲಿತ ಅಂಡವೊಂದು ಎರಡಾಗಿ, ನಾಲ್ಕಾಗಿ, ಎಂಟಾಗಿ ವಿಭಜನೆಗೊಂಡು ಐದಾರು ದಿನಗಳಲ್ಲಿ ಸೂಕ್ಷ್ಮವಾದ ಟೊಳ್ಳುಗೋಳವಾಗುವ ಪರಿ ಸೃಷ್ಟಿಯ ಮಹಾವಿಸ್ಮಯಗಳಲ್ಲೊಂದು. ಆಗ ಅದಕ್ಕೆ ಹೃದಯವಿಲ್ಲ, ನರವಿಲ್ಲ. ತಲೆ ಯಾವ ಕಡೆ, ಬುಡ ಯಾವ ಕಡೆ ಎಂಬುದೂ ನಿಶ್ಚಯವಾಗಿರುವುದಿಲ್ಲ. ಹದಿನೈದನೆಯ ದಿನದ ಆಸುಪಾಸಿನಲ್ಲಿ ಅದರ ಮೇಲೊಂದು ರೇಖೆ ಮೂಡುತ್ತದೆ. ಭಾವೀ ದೇಹದ ಅಕ್ಷವೇ ಅದು. ಅಲ್ಲಿಯವರೆಗೆ ಒಂದೇ ಭ್ರೂಣ ಅವಳಿಗಳಾಗಿ ಕವಲೊಡೆಯಬಲ್ಲದು.

ಆ ರೇಖೆಗೆ ನೈತಿಕ ಮಹತ್ವ ದೊರೆತದ್ದು ಬ್ರಿಟನ್ನಿನಲ್ಲಿ. 1978ರ ಜುಲೈ 25ರಂದು ಓಲ್ಡಮ್‌ನಲ್ಲಿ ಪ್ರಥಮ ಪ್ರನಾಳ ಶಿಶು ಲೂಯಿಸ್ ಬ್ರೌನ್ ಜನಿಸಿದಾಗಲೇ, ಗರ್ಭಕ್ಕೆ ಸೇರದೆ ಉಳಿಯುವ ಭ್ರೂಣಗಳ ಗತಿಯೇನೆಂಬ ಪ್ರಶ್ನೆಯೂ ಹುಟ್ಟಿತು. ಸರ್ಕಾರ 1982ರಲ್ಲಿ ನೇಮಿಸಿದ ಸಮಿತಿಯ ಅಧ್ಯಕ್ಷತೆ ವಹಿಸಿದವರು ವಿಜ್ಞಾನಿಯಲ್ಲ, ತತ್ತ್ವಶಾಸ್ತ್ರಜ್ಞೆ ಮೇರಿ ವಾರ್ನಾಕ್! ಭ್ರೂಣಶಾಸ್ತ್ರಜ್ಞೆ ಆ್ಯನ್ ಮೆಕ್ಲಾರೆನ್ ಜೀವವಿಜ್ಞಾನದ ಸೂಕ್ಷ್ಮಗಳನ್ನು ಸದಸ್ಯರಿಗೆ ತಿಳಿಯಪಡಿಸಿದರು. ಕೆಲವು ಸದಸ್ಯರ ಭಿನ್ನಮತದ ನಡುವೆಯೇ 1984ರ ವರದಿ, ಭ್ರೂಣವನ್ನು ಪ್ರಯೋಗಾಲಯದಲ್ಲಿ ಬೆಳೆಸಲು 14 ದಿನಗಳ ಮಿತಿಯನ್ನು ಸೂಚಿಸಿತು. 1990ರಲ್ಲಿ ಅದು ಕಾನೂನಾಯಿತು. ಭ್ರೂಣವನ್ನು ಪೂರ್ಣ ವ್ಯಕ್ತಿಯೆಂದು ನಂಬುವವರಿಗೂ ಬರಿಯ ಕೋಶರಾಶಿಯೆಂದು ಬಗೆಯುವವರಿಗೂ ಇದು ಸಂಪೂರ್ಣ ತೃಪ್ತಿ ನೀಡಲಿಲ್ಲ. ಆದರೂ ಪರಸ್ಪರ ಒಪ್ಪದವರು ಒಂದೇ ಕಾನೂನಿನಡಿ ಬಾಳಲು ಕಂಡುಕೊಂಡ ಇಂಥ ಘನವಾದ ಸಂಧಾನ ಆಧುನಿಕ ವಿಜ್ಞಾನದ ಚರಿತ್ರೆಯಲ್ಲಿ ವಿರಳ.

1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಆಕರಕೋಶಗಳನ್ನು ಬೇರ್ಪಡಿಸಿದರು. ದೇಹದ ಯಾವುದೇ ಅಂಗಾಂಶವಾಗಬಲ್ಲ ಕೋಶಗಳವು. ಆದರೆ ಅವನ್ನು ಪಡೆಯುವಾಗ ಭ್ರೂಣ ನಾಶವಾಗುತ್ತದೆ. ವಿವಾದದ ಮರ್ಮ ಇರುವುದು ಇಲ್ಲಿಯೇ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ, ಚಿಕಿತ್ಸೆಗೆ ಯೋಗ್ಯವಲ್ಲವೆಂದು ಕೈಬಿಟ್ಟಿದ್ದ ಭ್ರೂಣಗಳಿಂದಲೇ ಆಕರಕೋಶಗಳ ಎರಡು ಸಂತತಿಗಳನ್ನು ರೂಪಿಸಿತು. ಕೃತಕ ಗರ್ಭಧಾರಣೆಯನ್ನು ನಿಯಂತ್ರಿಸುವ ಭಾರತದ 2021ರ ಕಾಯ್ದೆಯ ಪ್ರಕಾರ ಶೇಖರಿತ ಭ್ರೂಣಗಳಿಗೆ 10 ವರ್ಷಗಳ ಅವಧಿ. ಬಳಿಕ ದಂಪತಿಯ ಸಮ್ಮತಿಯಿದ್ದರೆ ಅವನ್ನು ಸಂಶೋಧನೆಗೆ ನೀಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯಲ್ಲೂ ಮಿತಿ 14 ದಿನಗಳೇ.

ದಶಕಗಳ ಕಾಲ ಈ ಸಂಯಮ ಸುಲಭವಾಗಿತ್ತು, ಏಕೆಂದರೆ ಭ್ರೂಣವನ್ನು ಆ ಗಡಿಯ ಸಮೀಪಕ್ಕೂ ಬೆಳೆಸುವ ವಿದ್ಯೆ ಯಾರಿಗೂ ಸಿದ್ಧಿಸಿರಲಿಲ್ಲ. 2016ರಲ್ಲಿ ಕೇಂಬ್ರಿಜ್ ಮತ್ತು ನ್ಯೂಯಾರ್ಕಿನ ತಂಡಗಳು ಹದಿಮೂರನೆಯ ದಿನದ ಸುಮಾರಿಗೆ ತಲುಪಿ, ನಿಯಮಕ್ಕೆ ತಲೆಬಾಗಿ ಪ್ರಯೋಗ ನಿಲ್ಲಿಸಿದವು. ಅಂತರರಾಷ್ಟ್ರೀಯ ಆಕರಕೋಶ ಸಂಶೋಧನಾ ಸಂಘ 2021ರಲ್ಲಿ ತನ್ನ ಮಾರ್ಗಸೂಚಿಯ ಕಟ್ಟುನಿಟ್ಟನ್ನು ಸಡಿಲಿಸಿತು. 2023ರಲ್ಲಿ ಅಂಡ, ವೀರ್ಯಗಳೆರಡರ ಹಂಗೂ ಇಲ್ಲದೆ, ಆಕರಕೋಶಗಳಿಂದಲೇ ಕಟ್ಟಿದ ಭ್ರೂಣಸದೃಶ ರಚನೆಗಳು ಪ್ರಕಟಗೊಂಡವು. ಫಲನವೇ ನಡೆಯದ ಇವುಗಳಿಗೆ ಮೊದಲ ದಿನ ಯಾವುದೆಂದು ಎಣಿಸಬೇಕೆಂಬುದೇ ಈಗ ನೀತಿವೇತ್ತರ ಮುಂದಿರುವ ಪ್ರಶ್ನೆ.