ಡಿಸ್ಕುಗಳ ಸಮೂಹದಿಂದ ಒಂದನ್ನು ತೆಗೆಯುವ ಕ್ರಮ

ಘನಮಠದ ನಾಗಭೂಷಣ ಶಿವಯೋಗಿಗಳ ‘ಕೃಷಿಜ್ಞಾನ ಪ್ರದೀಪಿಕೆ’ಯಿಂದ ಸಂತೆಕಲ್ಲೂರಿನ ಹೆಸರು ವಾಚಕರಿಗೆ ಪರಿಚಿತವಾಗಿದೆ. ಇಂತಹ ಊರುಗಳ ಮಠಮನೆಗಳಲ್ಲಿ ಉಳಿದುಬಂದ ಓಲೆಯ ಕಟ್ಟುಗಳನ್ನು ಛಾಯಾಚಿತ್ರಗಳಾಗಿಸಿ ಗಣಕಯಂತ್ರದ ಡಿಸ್ಕುಗಳಲ್ಲಿ ಕಾಪಿಡುವ ರೂಢಿಯು ಈಗ ಬಂದಿರುವುದಷ್ಟೆ. ಹಲವು ಡಿಸ್ಕುಗಳನ್ನು ಒಂದೇ ಭಂಡಾರವಾಗಿ ಜೋಡಿಸುವ ಪದ್ಧತಿಗೆ ‘ರೇಡ್’ ಎಂದು ಹೆಸರು. ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಬರ್ಕ್ಲಿಯ ಮೂವರು ವಿದ್ವಾಂಸರು 1988ರಲ್ಲಿ ಇದನ್ನು ನಿರೂಪಿಸಿದರು. ಇದರಲ್ಲಿ ಕೆಟ್ಟ ಡಿಸ್ಕೊಂದನ್ನು ತೆಗೆಯುವ ಬಗೆಯನ್ನು ಇಲ್ಲಿ ವಿವರಿಸಲಾಗುವುದು.

ಇದರ ತತ್ತ್ವಕ್ಕೆ ಸಂತೆಕಲ್ಲೂರಿನ ಸಮೀಪದಲ್ಲಿಯೇ ದೃಷ್ಟಾಂತವುಂಟು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅನೇಕ ಅಕ್ಷರಗಳು ನಷ್ಟವಾಗಿವೆ. ಆದರೆ ಅದೇ ಶಾಸನವು ರೂಪನಾಥ, ಬ್ರಹ್ಮಗಿರಿ ಮೊದಲಾದೆಡೆಗಳಲ್ಲಿಯೂ ಇರುವುದರಿಂದ ಲುಪ್ತಪಾಠವನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಅಶೋಕನೆಂಬ ಹೆಸರಾದರೋ ಆಗ ತಿಳಿದಿದ್ದ ಪ್ರತಿಗಳಲ್ಲಿ ಮಸ್ಕಿಯೊಂದರಲ್ಲಿಯೇ ಇದ್ದಿತು. ಅದು ಸವೆದುಹೋಗಿದ್ದರೆ ತುಂಬಲು ಬೇರೆ ಆಧಾರವಿರುತ್ತಿರಲಿಲ್ಲ.

ರೇಡಿನ ಭೇದಗಳೂ ಹೀಗೆಯೇ. ಸೊನ್ನೆಯ ಕ್ರಮದಲ್ಲಿ ಅಧಿಕ ಪಾಠವಿಲ್ಲ. ಒಂದು ಹೋದರೆ ಸರ್ವನಾಶ. ಒಂದನೆಯದರಲ್ಲಿ ಪ್ರತಿಯೊಂದಕ್ಕೂ ಪಡಿಯಚ್ಚುಂಟು. ಐದನೆಯದರಲ್ಲಿ ಸಮ-ವಿಷಮಗಳ ಲೆಕ್ಕವಿರುವುದು: ಎರಡು ಡಿಸ್ಕುಗಳಲ್ಲಿ 1 ಮತ್ತು 0 ಇದ್ದರೆ, ಒಂದುಗಳ ಎಣಿಕೆ ಸಮವಾಗುವಂತೆ ಮೂರನೆಯದರಲ್ಲಿ 1 ಬರೆಯಲ್ಪಡುತ್ತದೆ, ಯಾವುದೊಂದು ಹೋದರೂ ಉಳಿದೆರಡರಿಂದ ಅದನ್ನು ಪಡೆಯಬಹುದು. ಏಕಕಾಲಕ್ಕೆ ಎರಡು ಹೋದರೆ ಉಪಾಯವಿಲ್ಲ. ಆರನೆಯ ಕ್ರಮವು ಎರಡರ ನಷ್ಟವನ್ನು ತಾಳುತ್ತದೆ.

ಆದುದರಿಂದ ಕೆಟ್ಟುದನ್ನು ಬಿಟ್ಟು ಪಕ್ಕದ ಒಳ್ಳೆಯದನ್ನು ಎಳೆಯುವುದೇ ಮಹಾಪ್ರಮಾದವು. ಅದನ್ನು ತಪ್ಪಿಸಲು ಹೀಗೆ ನಡೆಯತಕ್ಕದ್ದು. ಮೊದಲು ಬೇರೆಡೆ ಇರಿಸಿದ ಪ್ರತಿಯನ್ನು ತೆರೆದು ನೋಡಿ, ಅದು ಓದಲು ಬರುವುದೆಂದು ನಿಶ್ಚಯಿಸಬೇಕು. ಉಳಿದ ಡಿಸ್ಕುಗಳು ಸ್ವಸ್ಥವಾಗಿವೆಯೇ ಎಂದು ಪರೀಕ್ಷಿಸಬೇಕು. ಕೆಟ್ಟ ಡಿಸ್ಕನ್ನು ಅದರ ಮೇಲೆ ಅಚ್ಚಾದ ಕ್ರಮಸಂಖ್ಯೆಯಿಂದಲೇ ಗುರುತಿಸಬೇಕು. ಯಂತ್ರವು ಕೊಡುವ ಹೆಸರು ಮರುಚಾಲನೆಯಲ್ಲಿ ಬದಲಾಗಬಹುದಾದುದರಿಂದ ಅದು ಪ್ರಮಾಣವಲ್ಲ. ಬಳಿಕ ಆ ಡಿಸ್ಕು ಕೆಟ್ಟಿದೆಯೆಂದು ತಂತ್ರಾಂಶದಲ್ಲಿ ಸೂಚಿಸಿ, ಸಮೂಹದಿಂದ ಬೇರ್ಪಡಿಸಬೇಕು. ನಡೆಯುತ್ತಿರುವಾಗಲೇ ತೆಗೆಯಬಹುದಾದ ಯಂತ್ರವಾದರೆ ಡಿಸ್ಕನ್ನು ತುಸು ಈಚೆಗೆ ಎಳೆದು, ಒಳಗಿನ ತಿರುಗಣೆ ನಿಂತ ಮೇಲೆ ಪೂರ್ತಿಯಾಗಿ ತೆಗೆಯಬೇಕು; ಅಂತಹುದಲ್ಲದಿದ್ದರೆ ಯಂತ್ರವನ್ನೇ ನಿಲ್ಲಿಸಿ ವಿದ್ಯುತ್ತನ್ನು ಕಡಿದುಕೊಳ್ಳಬೇಕು. ಹೊಸ ಡಿಸ್ಕಿನ ಗಾತ್ರವು ಹಳೆಯದಕ್ಕಿಂತ ಕಡಿಮೆಯಿರಕೂಡದು.

ಹೊಸದನ್ನು ಇರಿಸಿದೊಡನೆ ಕಾರ್ಯ ಮುಗಿಯಿತೆಂದು ತಿಳಿಯಬಾರದು. ಉಳಿದ ಡಿಸ್ಕುಗಳನ್ನು ಆದ್ಯಂತವಾಗಿ ಓದಿ ಹೊಸದನ್ನು ತುಂಬಿಸುವುದಕ್ಕೆ ಹಲವು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕಾಗುವುವು. ಐದನೆಯ ಕ್ರಮದಲ್ಲಿ ಈ ಅವಧಿಯಲ್ಲಿ ಮತ್ತೊಂದು ಕೆಟ್ಟರೆ ಸಮಸ್ತವೂ ಹೋಗುವುದು. ಆದುದರಿಂದ ಅದು ಮುಗಿಯುವವರೆಗೆ ಬೇರೆ ಡಿಸ್ಕನ್ನು ಮುಟ್ಟಲಾಗದು.

ಕಡೆಯದಾಗಿ, ರೇಡು ಡಿಸ್ಕಿನ ಕೇಡಿಗೆ ಪರಿಹಾರವೇ ಹೊರತು ಪ್ರತ್ಯೇಕ ಪ್ರತಿಯಲ್ಲ. ಕೈತಪ್ಪಿ ಅಳಿಸಿದುದು ಎಲ್ಲ ಡಿಸ್ಕುಗಳಲ್ಲಿಯೂ ಅಳಿಯುತ್ತದೆ. ಬೆಂಕಿಯು ಎಲ್ಲವನ್ನೂ ಒಟ್ಟಿಗೆ ಸುಡುತ್ತದೆ. ಅಶೋಕನ ಲಿಪಿಯು ಒಂದೇ ಬಂಡೆಯ ಮೇಲೆ ಹಲವು ಬಾರಿಯಲ್ಲ, ದೂರದೂರದ ಬಂಡೆಗಳ ಮೇಲೆ ಇದ್ದುದರಿಂದಲೇ ನಮಗೆ ಉಳಿದು ಬಂದಿತು. ಗ್ರಂಥಗಳನ್ನು ಕಾಯುವವರು ಇದನ್ನು ಮನಗಾಣತಕ್ಕದ್ದು.