ನಿದ್ದೆಗೂ ಒಂದು ಕಾಲ್‌ಷೀಟ್ ಕೊಡಿ, ಸ್ವಾಮಿ!

ಬೆಂಗಳೂರಿನ ಯಾವುದಾದರೂ ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತು ನೋಡಿ. ಮುಂದಿನ ಆಟೋದ ಬೆನ್ನ ಮೇಲೆ ಶಂಕರ್‌ನಾಗ್ ನಗುತ್ತಿರುತ್ತಾರೆ. ಚಿತ್ರದ ಕೆಳಗೆ, ಅವರೇ ಹೇಳಿದ್ದೆಂದು ಅಭಿಮಾನಿಗಳೆಲ್ಲ ನಂಬಿರುವ ಆ ಮಾತು... ಸತ್ತ ಮೇಲೆ ಮಲಗೋದು ಇದ್ದೇ ಇದೆ, ಎದ್ದಿದ್ದಾಗಲೇ ಏನಾದರೂ ಸಾಧಿಸು ಅಂತ!

ನನ್ನ ಹಳೇ ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೂ ಅದೇ ಸ್ಟಿಕ್ಕರ್ ಇತ್ತು. ಇತ್ತು ಅಂದೆ, ಈಗ ಅರ್ಧ ಮಾತ್ರ ಇದೆ. ಶಂಕರಣ್ಣನ ಚಿತ್ರ ಹಾಗೇ ಉಳಿಸಿಕೊಂಡು ಮಾತನ್ನು ಮಾತ್ರ ಬ್ಲೇಡಿನಿಂದ ಕೆರೆದು ತೆಗೆದವನು ನಾನೇ.

ಕೋಪಿಸ್ಕೋಬೇಡಿ ಗುರುಗಳೇ! 'ಆಟೋ ರಾಜ'ನ ಭಕ್ತರು ನಮ್ಮನೆ ಮುಂದೆ ಧರಣಿ ಕೂರುವ ಮುಂಚೆ ಪೂರ್ತಿ ಓದಿ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರು ತೀರಿಕೊಂಡಾಗ ನಾನಿನ್ನೂ ಹುಟ್ಟೇ ಇರಲಿಲ್ಲ. ಅವರಿಗೆ ಆಗ ಬರೀ 35. ಆದರೂ ಪಿಯುಸಿ ಅರ್ಧಕ್ಕೆ ಬಿಟ್ಟು ಗಾಂಧಿನಗರದ ಮೆಟ್ಟಿಲು ಹತ್ತಿದಾಗ ನನ್ನ ಜೇಬಿನಲ್ಲಿದ್ದ ಬಂಡವಾಳ ಅಂದರೆ ಆ ಮಾತೊಂದೇ. ಅವರೇ ನಿರ್ದೇಶಿಸಿದ 'ಆಕ್ಸಿಡೆಂಟ್' (1985) ನೋಡಿದ್ದೀರಲ್ಲ? ಫುಟ್‌ಪಾತಿನ ಮೇಲೆ ಮಲಗಿದ್ದ ಬಡವರ ಮೇಲೆ ಕಾರು ಹರಿಯುವ ಕಥೆ. ಬಡವನ ನಿದ್ದೆಗೆ ಬೆಲೆ ಇಲ್ಲ ಅಂತ ಅಷ್ಟು ಸಿಟ್ಟಿನಿಂದ ಹೇಳಿದ ಮನುಷ್ಯ, ನನ್ನ ಮೇಲೆ ಬೇಜಾರು ಮಾಡಿಕೊಳ್ಳಲಾರರು.

ಕೇಬಲ್ಲೇ ಹಾಸಿಗೆ!

ನಾನು ಹವ್ಯಾಸಿ ಪತ್ರಕರ್ತ. ಲೇಖನಕ್ಕಿಷ್ಟು ಅಂತ ಕಾಸು. ಒಂದು ರಾತ್ರಿ ಕೆಂಗೇರಿಯಾಚೆ ಹಳೇ ಗೋಡೌನೊಂದರಲ್ಲಿ ಫೈಟಿಂಗ್ ಸೀನು ನಡೆದಿತ್ತು. ಚಿತ್ರದ ಹೆಸರು ಬೇಡ, ನಾಯಕನ ಹೆಸರೂ ಬೇಡ. ಸಂಜೆ ಶುರುವಾದದ್ದು ಬೆಳಗಿನ ಜಾವ ನಾಲ್ಕಾದರೂ ಮುಗಿದಿರಲಿಲ್ಲ. ಹೀರೋ ಸಾಹೇಬರು ಶಾಟ್ ಶಾಟಿನ ನಡುವೆ ಕ್ಯಾರವಾನ್ ಹತ್ತಿ ಒಂದು ಸುತ್ತು ನಿದ್ದೆ ತೆಗೆದು ಬರುತ್ತಿದ್ದರು. ತಪ್ಪೇನಿಲ್ಲ ಬಿಡಿ, ಕ್ಲೋಸಪ್ಪಿನಲ್ಲಿ ಕಣ್ಣು ಊದಿಕೊಂಡು ಕಂಡರೆ ಗೊಣಗುವವರು ನೀವೇ ತಾನೇ? ನಾನು ಹೋಗಿದ್ದು ಅವರ ಸಂದರ್ಶನಕ್ಕೆ. ಸಿಕ್ಕಿದ್ದು ಮೂರೇ ಮಾತು... ಡೆಡಿಕೇಶನ್, ಡೆಡಿಕೇಶನ್, ಡೆಡಿಕೇಶನ್!

ನಿಜವಾದ ಸಂದರ್ಶನ ಸಿಕ್ಕಿದ್ದು ಜನರೇಟರ್ ವ್ಯಾನಿನ ಪಕ್ಕದಲ್ಲಿ. ಐವತ್ತು ದಾಟಿದ ಲೈಟ್‌ಮನ್ ಒಬ್ಬರು ಸುತ್ತಿಟ್ಟ ಕೇಬಲ್ಲಿನ ಮೇಲೆ ಟವಲನ್ನೇ ದಿಂಬು ಮಾಡಿಕೊಂಡು ಮಲಗಿದ್ದರು. ಕೂಗು ಬಿದ್ದೊಡನೆ ದಡಕ್ಕನೆ ಎದ್ದು ಹೋಗಿ ಲೈಟು ತಿರುಗಿಸಿ, ಮತ್ತೆ ಬಂದು ಬೀಳುತ್ತಿದ್ದರು. ಮಾತಿಗೆಳೆದೆ.

"ನೋಡಿ ಸಾ, ನಮ್ಗೆ ನಿದ್ದೆ ಅನ್ನೋದು ಬ್ರೇಕಲ್ಲಿ ಕೊಡೋ ಬನ್ ಇದ್ದಂಗೆ. ಸಿಕ್ರೆ ತಿನ್ನೋದು, ಸಿಗದಿದ್ರೆ ಟೀ ಕುಡ್ದು ಸುಮ್ನಾಗೋದು. ಎಲ್ರಿಗಿಂತ ಮುಂಚೆ ಬರೋರೂ ನಾವೇ, ಎಲ್ರೂ ಹೋದ್ಮೇಲೆ ಹೋಗೋರೂ ನಾವೇ."

ಅವರು ಹಿಡಿದು ನಿಲ್ಲಿಸುವ ಆ ದೊಡ್ಡ ಎಚ್.ಎಂ.ಐ. ಲೈಟಿದೆಯಲ್ಲ, ಅದರ ಬಣ್ಣ ಹಗಲ ಬೆಳಕಿಗೆ ಸಮ. ಸುಮಾರು 5600 ಕೆಲ್ವಿನ್ ಅಂತಾರೆ ಕ್ಯಾಮೆರಾದವರು. ಕತ್ತಲಾದ ಮೇಲೆ ನಮ್ಮ ಮಿದುಳು ಮೆಲಟೋನಿನ್ ಅನ್ನೋ ಹಾರ್ಮೋನು ಬಿಟ್ಟು, ರಾತ್ರಿಯಾಯ್ತು ಅಂತ ಮೈಗೆಲ್ಲ ಡಂಗುರ ಸಾರಿಸುತ್ತದೆ. ಜೋರು ಬೆಳಕು ಕಣ್ಣಿಗೆ ಬಿದ್ದರೆ ಆ ಡಂಗುರ ಬಂದ್. ಅಂದರೆ ಮೈಯ ಮಟ್ಟಿಗೆ ರಾತ್ರಿ ಎರಡಕ್ಕೆ ನಡುಮಧ್ಯಾಹ್ನ! ಅದರ ಮೇಲೆ ಕಾಫಿ, ಟೀ. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಅನ್ನೋ ವಸ್ತು ಕೂಡಿಕೊಳ್ಳುತ್ತಾ ಹೋಗುತ್ತೆ. ತೂಕಡಿಕೆ ತರೋದು ಅದೇ. ಕಾಫಿಯಲ್ಲಿರುವ ಕೆಫೀನ್ ಏನು ಮಾಡುತ್ತೆ ಗೊತ್ತಾ? ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವವರ ಹಾಗೆ, ಅಡೆನೋಸಿನ್ ಕೂರಬೇಕಾದ ಸೀಟಿನಲ್ಲಿ ತಾನು ಕೂತುಬಿಡುತ್ತೆ. ಅಡೆನೋಸಿನ್ ಎಲ್ಲಿಗೂ ಹೋಗಿರೋಲ್ಲ, ಫುಟ್‌ಬೋರ್ಡಿನಲ್ಲಿ ನಿಂತು ಕಾಯ್ತಾ ಇರುತ್ತೆ! ರಾತ್ರಿ ಒಂದಕ್ಕೆ ಕುಡಿದ ಕಾಫಿಯ ಕಸುವು ಬೆಳಗ್ಗೆ ಆರಕ್ಕೂ ಹೆಚ್ಚುಕಮ್ಮಿ ಅರ್ಧ ಮೈಯಲ್ಲೇ ಉಳಿದಿರುತ್ತೆ. ಮನೆಗೆ ಬಂದು ಹಾಸಿಗೆ ಮೇಲೆ ಹೊರಳಾಡುವುದು ಇದಕ್ಕೇ.

ಪ್ಯಾಕಪ್ ಆದದ್ದು ಐದಕ್ಕೆ. ಲೈಟ್‌ಮನ್ ಟಿವಿಎಸ್ ಗಾಡಿ ಒದ್ದು ಮಾಗಡಿ ರೋಡಿನ ಕಡೆ ಹೊರಟರು. ನಾನು ಬೈಕ್ ಹತ್ತಿದೆ.

ಹಾಲಿವುಡ್ಡಿನಲ್ಲೂ ಇದೇ ಕಥೆ

ಇಂಥ ಬೆಳಗಿನ ಜಾವದ ಸವಾರಿಗೆ ಅಮೆರಿಕದಲ್ಲಿ ಒಬ್ಬರು ಬಲಿಯಾಗಿದ್ದಾರೆ. 1997ರ ಮಾರ್ಚ್‌ನಲ್ಲಿ 'ಪ್ಲೆಸೆಂಟ್‌ವಿಲ್' ಚಿತ್ರದ ಕ್ಯಾಮೆರಾ ಸಹಾಯಕ ಬ್ರೆಂಟ್ ಹರ್ಷ್‌ಮನ್ 19 ಗಂಟೆ ದುಡಿದು ಕಾರಿನಲ್ಲಿ ಮನೆಗೆ ಹೊರಟರು. ಸ್ಟೀರಿಂಗ್ ಹಿಡಿದಿದ್ದಂತೆಯೇ ನಿದ್ದೆ ಹತ್ತಿತು. ಮನೆ ಸೇರಲಿಲ್ಲ. ಅಲ್ಲಿಯ ಕಾರ್ಮಿಕರೆಲ್ಲ ಸಿಡಿದೆದ್ದರು. ಎರಡು ಆಸ್ಕರ್ ಗೆದ್ದಿದ್ದ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್‌ಲರ್ ಸುಮ್ಮನೆ ಕೂರದೆ 'ಹೂ ನೀಡ್ಸ್ ಸ್ಲೀಪ್?' ಅಂತ ಸಾಕ್ಷ್ಯಚಿತ್ರವನ್ನೇ ತೆಗೆದರು (2006). ಹನ್ನೆರಡು ಗಂಟೆ ಕೆಲಸ, ಹನ್ನೆರಡು ಗಂಟೆ ಬಿಡುವು... ಇದು ಆ ಮುದುಕನ ಹಟ. ಆಗ ಅವರಿಗೆ ಎಂಬತ್ತು ದಾಟಿತ್ತು ನೋಡಿ!

ಇನ್ನೊಂದು ಲೆಕ್ಕ ಕೇಳಿ. ಸತತ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಅಂತ ವಿಜ್ಞಾನಿಗಳು ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವನಿಗೆ ಕಾನೂನು ಬಿಟ್ಟಿರುವ ಮಿತಿ 0.03! ಕುಡಿದವನನ್ನು ಟ್ರಾಫಿಕ್‌ನವರು ಬಾಯಿ ಊದಿಸಿ ಹಿಡೀತಾರೆ. ನಿದ್ದೆಗೆಟ್ಟವನನ್ನು ಯಾವ ಮೆಷಿನ್ ಊದಿಸಿ ಹಿಡಿಯೋದು?

ರಾತ್ರಿಯೆಲ್ಲ ಕಟೌಟ್ ಕಟ್ಟಿ, ಹಾರ ಏರಿಸಿ, ಬೆಳಗಿನ ಶೋ ನೋಡಿ, ಶಿಳ್ಳೆ ಹೊಡೆದು, ತ್ರಿಬಲ್ ರೈಡಿಂಗಿನಲ್ಲಿ ಊರಿಗೆ ಹೊರಡುವ ತಮ್ಮಂದಿರೇ, ಈ ಮಾತು ನಿಮಗೇ. ನಿಮ್ಮ ಬಾಸ್‌ಗೆ ಜೈ ಅನ್ನಿ, ಬೇಡ ಅನ್ನಲ್ಲ. ವಾಪಸ್ ಹೋಗುವಾಗ ಬಸ್ ಹತ್ರಪ್ಪ!

ಇಂಟರ್ವಲ್ ಆದದ್ದು ಮನೆಯಲ್ಲಿ

ನಾನು ಆ ದಿನ ಕ್ಷೇಮವಾಗಿ ಸುಂಕದಕಟ್ಟೆ ತಲುಪಿದೆ. ಬಚಾವ್ ಅಂದುಕೊಂಡೆ.

ನನ್ನಾಕೆ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಎಂಟಕ್ಕೆ ವ್ಯಾನು ಬರುತ್ತೆ. ಮಗಳಿಗೆ ಆಗ ಹತ್ತು ತಿಂಗಳು. ಅಮ್ಮ ಹಾಲು ತರಲು ಹೋಗಿದ್ದಳು.

"ರೀ, ಸ್ನಾನ ಮಾಡ್ಕೊಂಡ್ ಬಂದ್ಬಿಡ್ತೀನಿ. ಹತ್ತೇ ನಿಮಿಷ ಹಿಡ್ಕೊಳ್ಳಿ."

ಕುರ್ಚಿಯಲ್ಲಿ ಕೂತೆ. ಮಗಳು ತೊಡೆಯ ಮೇಲೆ ನಿಂತು ನನ್ನ ಜೇಬಿನ ಪೆನ್ನಿಗೆ ಕೈ ಹಾಕುತ್ತಿದ್ದಳು. ನೆನಪಿರುವುದು ಅಷ್ಟೇ.

ದೊಪ್ಪನೆ ಸದ್ದು. ಕಣ್ಣು ಬಿಟ್ಟರೆ ಮಗು ನೆಲದ ಮೇಲೆ. ಒಂದು ಗಳಿಗೆ ಅಳುವೇ ಇಲ್ಲ, ಬಾಯಿ ತೆರೆದಿದೆ, ಉಸಿರಿಲ್ಲ. ಆಮೇಲೆ ಇಡೀ ವಠಾರ ಕೇಳುವ ಹಾಗೆ ಕಿರುಚಿತು. ಎರಡಡಿ ಆಚೆ, ಬಚ್ಚಲಿಗೆ ಒಯ್ಯಲು ಇಟ್ಟಿದ್ದ ಕುದಿನೀರಿನ ಬಕೆಟ್ಟು ಹೊಗೆಯಾಡುತ್ತಿತ್ತು. ಇಂದಿಗೂ ಬರೆಯುವಾಗ ಕೈ ನಡುಗುತ್ತೆ, ಸ್ವಾಮಿ.

ಹಣೆ ಮೇಲೆ ನಿಂಬೆಹಣ್ಣಿನ ಗಾತ್ರ ಬುಗುಟು. ಡಾಕ್ಟರು ನೋಡಿ, "ಏನೂ ಆಗಿಲ್ಲ, ಆದರೆ ವಾಂತಿ ಮಾಡಿದರೆ, ಮಂಕಾದರೆ ತಕ್ಷಣ ಕರ್ಕೊಂಡ್ಬನ್ನಿ" ಅಂದರು. ಅವಳ ಒಂದು ದಿನದ ಸಂಬಳ ಹೋಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯಾಚೆ ನೋಡುತ್ತಾ ಕೇಳಿದಳು:

"ನೀವು ರಾತ್ರಿಯೆಲ್ಲ ಎದ್ದಿರ್ತೀರಿ ಅಂತ ಊರಿಗೆಲ್ಲ ಗೊತ್ತು. ನಾನು ಎಷ್ಟು ಹೊತ್ತು ಮಲಗ್ತೀನಿ ಅಂತ ನಿಮಗೆ ಗೊತ್ತೇನ್ರೀ?"

ಗೊತ್ತಿರಲಿಲ್ಲ! ಎಷ್ಟು ನಟಿಯರಿಗೆ "ನಿಮ್ಮ ಸೌಂದರ್ಯದ ಗುಟ್ಟೇನು?" ಅಂತ ಕೇಳಿದ್ದೇನೆ. "ಎಂಟು ಗಂಟೆ ನಿದ್ದೆ" ಅಂತ ಅವರು ನಕ್ಕು ಹೇಳಿದ್ದನ್ನು ಎಷ್ಟು ಸಲ ಬರೆದಿದ್ದೇನೆ. ಪಕ್ಕದಲ್ಲಿ ಮಲಗುವವಳ ಲೆಕ್ಕ ಮಾತ್ರ ಗೊತ್ತಿಲ್ಲ.

ಕ್ಯಾಲೆಂಡರಿನ ಲೆಕ್ಕ

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಳು ದಿನ ಪೆನ್ಸಿಲಿನಿಂದ ಬರೆದೆವು. ನನ್ನದು ದಿನಕ್ಕೆ ಐದು ಗಂಟೆ ಬಂತು, ಅದೂ ಹಗಲಲ್ಲಿ, ಕುಕ್ಕರ್ ಕೂಗುವಾಗ. ಅವಳದು ನಾಲ್ಕೂ ಕಾಲು. ಹನ್ನೊಂದಕ್ಕೆ ಪಾತ್ರೆ ಮುಗಿಸಿ ಮಲಗುವುದು, ಬೆಳಗ್ಗೆ ಐದಕ್ಕೆ ಏಳುವುದು. ನಡುವೆ ಮಗು ಮೂರು ಸಲ, ನಾನು ಬಾಗಿಲು ಬಡಿಯುವುದು ಒಂದು ಸಲ. ಏಳು ರಾತ್ರಿಯಲ್ಲಿ ಒಂದು ರಾತ್ರಿಯೂ ಎರಡು ಗಂಟೆ ಒಟ್ಟಿಗೆ ಮಲಗಿಲ್ಲ.

ದೊಡ್ಡವರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆ ಬೇಕು ಅಂತಾರೆ ಡಾಕ್ಟರುಗಳು. ಬರೀ ಗಂಟೆ ಕೂಡಿಸಿದರೆ ಸಾಲದು. ಒಂದೊಂದು ಸುತ್ತು ನಿದ್ದೆಗೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತೆ. ಮೈ ದುರಸ್ತಿಯಾಗುವ ಗಾಢ ನಿದ್ದೆ ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು, ಕನಸಿನ ನಿದ್ದೆ ಬೆಳಗಿನ ಕಡೆಗೆ ಹೆಚ್ಚು. ಗಂಟೆಗೊಮ್ಮೆ ಎಬ್ಬಿಸಿದರೆ ಪ್ರತಿ ಸಲ ರೀಲು ಮೊದಲಿಂದ ಸುತ್ತಬೇಕು. ಕ್ಲೈಮ್ಯಾಕ್ಸ್ ಬರೋದೇ ಇಲ್ಲ!

ಲಕ್ಷ್ಮಣ ಹದಿನಾಲ್ಕು ವರ್ಷ ಕಾಡಿನಲ್ಲಿ ನಿದ್ದೆ ಬಿಟ್ಟು ಅಣ್ಣ ಅತ್ತಿಗೆಯರನ್ನು ಕಾದನಂತೆ, ಅವನ ಪಾಲಿನ ನಿದ್ದೆಯನ್ನು ಊರ್ಮಿಳೆ ಅಯೋಧ್ಯೆಯಲ್ಲಿ ಮಾಡಿದಳಂತೆ. ಅಜ್ಜಿ ಹೇಳುತ್ತಿದ್ದ ಕಥೆ. ನನ್ನನ್ನು ನಾನು ಲಕ್ಷ್ಮಣ ಅಂದುಕೊಂಡು ಮೆರೆಯುತ್ತಿದ್ದೆ. ನಮ್ಮನೆ ಊರ್ಮಿಳೆಗೂ ನಿದ್ದೆ ಇರಲಿಲ್ಲ.

ಆ ಲೆಕ್ಕದಿಂದ ಇನ್ನೊಂದು ಹೊರಬಿತ್ತು. ಬುಧವಾರದ ಮನೆಯಲ್ಲಿ ಅವಳು ಬರೆದಿದ್ದಳು: "ಅತ್ತೆ ಗೊರಕೆ ನಿಂತುಹೋಗುತ್ತೆ, ಆಮೇಲೆ ಏದುಸಿರು." ಸಿನಿಮಾದಲ್ಲಿ ಗೊರಕೆ ಅಂದರೆ ಕಾಮಿಡಿ ಸೀನು. ಆದರೆ ಗೊರಕೆಯ ಮಧ್ಯೆ ಉಸಿರೇ ಕಟ್ಟುವುದು ಸ್ಲೀಪ್ ಆಪ್ನಿಯ ಅನ್ನೋ ಕಾಯಿಲೆ. 'ಆಫ್ರಿಕಾದಲ್ಲಿ ಶೀಲಾ'ಗೆ (1986) ಸಂಗೀತ ಕೊಟ್ಟ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣ ಇದೇ. ಒಂದು ರಾತ್ರಿ ಮಲಗಿಸಿ ಉಸಿರು, ರಕ್ತದ ಆಮ್ಲಜನಕ ಎಲ್ಲ ಅಳೆಯುವ ಪರೀಕ್ಷೆ ಇದೆ. ಅಮ್ಮನಿಗೆ ಮಾಡಿಸಿದೆವು. ಇದ್ದದ್ದು ಗೊತ್ತಾಯಿತು, ಚಿಕಿತ್ಸೆ ನಡೀತಿದೆ. ಹಗಲಿಡೀ ತೂಕಡಿಸುತ್ತಾಳೆ, ಮಗು ನೋಡ್ಕೊಳ್ಳೋದ್ರಲ್ಲಿ ಸೋಮಾರಿ ಅಂತ ನಾನು ಅವಳನ್ನು ರೇಗಿಸುತ್ತಿದ್ದೆನಲ್ಲ... ಇರಲಿ.

ಎರಡು ಗಂಟೆಯ ಗಡಿ

ಜಗಳವಾಡಿ ಜಗಳವಾಡಿ ಒಂದು ಒಪ್ಪಂದಕ್ಕೆ ಬಂದೆವು. ಉಪಾಯ ಅವಳದೇ. "ಹೇಗೂ ಎರಡರ ತನಕ ಬರೀತಾ ಕೂತಿರ್ತೀರಲ್ಲ, ಆವರೆಗೆ ಮಗು ನಿಮ್ಮದು." ಒಂಬತ್ತೂವರೆಗೆ ಅವಳು ಒಳರೂಮಿನಲ್ಲಿ ಮಲಗಿದರೆ ಎರಡರ ತನಕ ಮನೆ ಹೊತ್ತಿ ಉರಿದರೂ ಎಬ್ಬಿಸುವಂತಿಲ್ಲ. ಪಾತ್ರೆ ನನ್ನ ಪಾಲು. ಹಾಲಿನ ಬಾಟಲಿ, ಬಟ್ಟೆ ಬದಲಾಯಿಸೋದು, ಹೆಗಲ ಮೇಲೆ ಹಾಕ್ಕೊಂಡು ತಟ್ಟೋದು ಎಲ್ಲ ನನ್ನದೇ. ಎರಡರ ಮೇಲೆ ಅವಳದು. ನಾನು ಒಳಗೆ ಹೋಗಿ ಎಂಟೂವರೆ ತನಕ ಮಲಗುತ್ತೇನೆ. ಕಿಟಕಿಗೆ ಹಳೇ ಚಿತ್ರವೊಂದರ ಫ್ಲೆಕ್ಸ್ ಕಟ್ಟಿದ್ದೇನೆ, ಹೀರೋ ಮುಖ ಹೊರಗಡೆಗೆ. ವಠಾರಕ್ಕೆ ದರ್ಶನ, ನನಗೆ ಕತ್ತಲೆ! ಮೊಬೈಲು ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ.

ನೈಟ್ ಶೂಟಿಂಗ್ ವಾರಕ್ಕೆ ಒಂದೇ. ಆ ದಿನ ಮಧ್ಯಾಹ್ನವೇ ಒಂದೂವರೆ ಗಂಟೆ ಮಲಗಿ ಹೋಗುತ್ತೇನೆ. ಹನ್ನೊಂದರ ಮೇಲೆ ಕಾಫಿ ಇಲ್ಲ. ವಾಪಸ್ ಬರೋದು ಬಸ್ಸಿನಲ್ಲಿ, ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯದ ಹಾಗೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡು. ಕಂಡಕ್ಟರ್ "ಏನ್ ಹೀರೋ?" ಅಂತಾನೆ. ಅನ್ನಲಿ. ನಾಲ್ಕು ಗಂಟೆ ನಿದ್ದೆ ಮುಗಿಸುವವರೆಗೆ ಮಗು ಎತ್ತಿಕೊಳ್ಳುವಂತಿಲ್ಲ, ಇದು ಅಮ್ಮ ಹಾಕಿದ ಕಾನೂನು.

ಗೆಳೆಯನೊಬ್ಬ "ಒಂದು ಕ್ವಾರ್ಟರ್ ಹಾಕು, ಸೊಗಸಾಗಿ ನಿದ್ದೆ ಬರುತ್ತೆ" ಅಂದ. ಹಾಕಿ ನೋಡಿದೆ. ಬಂದದ್ದು ನಿಜ, ಮೂರು ಗಂಟೆಗೆ ಬೆವರಿ ಎದ್ದು ಕೂತದ್ದೂ ನಿಜ. ಮದ್ಯ ನಿದ್ದೆಯನ್ನು ಬೇಗ ಕರೆತರುತ್ತೆ, ರಾತ್ರಿಯ ಎರಡನೇ ಅರ್ಧದಲ್ಲಿ ಒಡೆದು ಹಾಕುತ್ತೆ. ಅಲ್ಲಿಗೆ ಆ ಪ್ರಯೋಗ ಮುಕ್ತಾಯ.

ತಿಂಗಳಿಗೆ ಎರಡು ಮೂರು ಲೇಖನದ ಕಾಸು ಕಡಿಮೆಯಾಗಿದೆ. ಸುಳ್ಳು ಹೇಳಲಾರೆ, ಬಾಡಿಗೆ ಕೊಡುವ ದಿನ ಅದು ಚುಚ್ಚುತ್ತೆ. ಹೋದ ವಾರದ ಕ್ಯಾಲೆಂಡರ್: ಅವಳದು ಆರೂ ಕಾಲು, ನನ್ನದು ಆರು. ಏಳು ಇನ್ನೂ ಮುಟ್ಟಿಲ್ಲ.

ಲೈಟ್‌ಮನ್ ಮೊನ್ನೆ ಗಾಂಧಿನಗರದಲ್ಲಿ ಸಿಕ್ಕಿದ್ದರು. ಮಗುವಿನ ಕಥೆ ಹೇಳಿದೆ. ಸುಮ್ಮನೆ ಕೇಳಿ, "ನಾನೂ ಒಂದಿನ ಗಾಡಿ ಸಮೇತ ಚರಂಡಿಗೆ ಬಿದ್ದೆ ಸಾ, ಮನೇಲಿ ಹೇಳಿಲ್ಲ" ಅಂದರು. ಈಗ ನಾಲ್ಕೈದು ಜನ ಸೇರಿ ಯೂನಿಟ್ ವ್ಯಾನಿನ ಡ್ರೈವರನ್ನು ಒಪ್ಪಿಸಿದ್ದಾರಂತೆ, ಮಾಗಡಿ ರೋಡಿನ ತನಕ ಬಿಟ್ಟುಹೋಗಲು. ಆ ಡ್ರೈವರ್ ಹಗಲು ಮಲಗಿರ್ತಾನಾ ಅಂತ ಕೇಳಿದೆ. ತಲೆ ಕೆರೆದುಕೊಂಡರು. "ಅದ್ ಕೇಳಿಲ್ಲ ಸಾ, ಕೇಳ್ತೀನಿ."

ಎರಡಕ್ಕೆ ಇನ್ನು ಹತ್ತು ನಿಮಿಷ. ಮಗಳು ಎದ್ದಳು, ಪೆನ್ನು ಬೇಕಂತೆ. ಸಂಪಾದಕರೇ, ಸಂದರ್ಶನ ಮುಂದಿನ ವಾರ.