ಗಾಜಿನ ತೊಟ್ಟಿಯ ಸೀಗಡಿ

ಮನೆಯ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಅವುಗಳೊಡನೆ ಸಿಹಿನೀರಿನ ಪುಟ್ಟ ಸೀಗಡಿಗಳನ್ನೂ ಬಿಡುವುದುಂಟು. ಅಂಗಡಿಗಳಲ್ಲಿ ಚೆರ್ರಿ ಸೀಗಡಿ ಎಂಬ ಹೆಸರಿನಿಂದ ದೊರೆಯುವ ಕೆಂಪು ಜೀವಿಯ ಶಾಸ್ತ್ರೀಯ ನಾಮ ನಿಯೋಕ್ಯಾರಿಡಿನ ಡೇವಿಡಿ. ಅದರ ತವರು ಚೀನ ಮತ್ತು ತೈವಾನ್. ಉದ್ದ 3 ಸೆಂಟಿಮೀಟರನ್ನು ಮೀರುವುದು ಅಪರೂಪ. ಮುಂಗಾಲುಗಳ ತುದಿಯಲ್ಲಿರುವ ಕುಂಚದಂಥ ರೋಮಗಳಿಂದ ಕಲ್ಲು, ಎಲೆಗಳ ಮೇಲಿನ ಪಾಚಿಯನ್ನು ಇದು ಬಿಡುವಿಲ್ಲದೆ ಕೆರೆದು ತಿನ್ನುವ ನೋಟ ಬಹಳ ಸೊಗಸಾದುದು. ಆದರೆ ತಂದ ಕೆಲವೇ ದಿನಗಳಲ್ಲಿ ಇವು ಒಂದೊಂದಾಗಿ ಸಾಯುವುದೂ ಉಂಟು. ಮೀನುಗಳು ನೆಮ್ಮದಿಯಿಂದ ಈಜಾಡುವ ನೀರಿನಲ್ಲಿ ಸೀಗಡಿ ಮಾತ್ರ ಸಾಯುವುದೇಕೆ?

ಸೀಗಡಿಗೆ ಮೀನಿನಂತೆ ಒಳಗೆ ಮೂಳೆಗಳಿಲ್ಲ. ದೇಹವನ್ನು ಹೊರಗಿನಿಂದ ಬಿಗಿದಿರುವ ಚಿಪ್ಪೇ ಅದರ ಆಧಾರ. ಚಿಪ್ಪು ತಾನಾಗಿ ಬೆಳೆಯಲಾರದು. ಆದುದರಿಂದ ಪ್ರೌಢ ಸೀಗಡಿಯೂ ಸುಮಾರು 3–4 ವಾರಗಳಿಗೊಮ್ಮೆ ಹಾವಿನಂತೆ ಪೊರೆ ಕಳಚುತ್ತದೆ. ಬೆನ್ನಿನ ಮೇಲೆ ಹಳೆಯ ಚಿಪ್ಪು ಬಿರಿಯುತ್ತಲೇ ಪ್ರಾಣಿ ಥಟ್ಟನೆ ಹೊರಬಿದ್ದು, ನೀರನ್ನು ಹೀರಿ ಉಬ್ಬಿ, ಇನ್ನೂ ಮೆತ್ತಗಿರುವ ಹೊಸ ಚಿಪ್ಪನ್ನು ಹಿಗ್ಗಿಸುತ್ತದೆ. ಅನಂತರ ಅದನ್ನು ಗಟ್ಟಿಗೊಳಿಸಲು ಸುಣ್ಣದ ಮೂಲಧಾತುವಾದ ಕ್ಯಾಲ್ಸಿಯಂ ಬೇಕು. ಅದರ ಹೆಚ್ಚಿನ ಭಾಗವನ್ನು ಸೀಗಡಿ ಕಿವಿರುಗಳ ಮೂಲಕ ನೀರಿನಿಂದಲೇ ಪಡೆಯುತ್ತದೆ. ಕಳಚಿದ ಪೊರೆಯನ್ನು ಕಸವೆಂದು ತೆಗೆಯಬಾರದು. ಅದನ್ನು ತಿಂದು ಸೀಗಡಿ ಸುಣ್ಣವನ್ನು ಮರಳಿ ಪಡೆಯುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು ನಮಗೆ ಒಳ್ಳೆಯದೆಂದು ತೊಟ್ಟಿಗೂ ಅದನ್ನೇ ತುಂಬಿದರೆ, ಲವಣಗಳೆಲ್ಲ ಸೋಸಿಹೋದ ಆ ನೀರಿನಲ್ಲಿ ಚಿಪ್ಪು ಗಟ್ಟಿಯಾಗದು. ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟಿಸುವ ಕೊಳವೆಬಾವಿಯ ಗಡಸು ನೀರನ್ನು ನಾವು ಹಳಿಯುತ್ತೇವೆ. ಸೀಗಡಿಗೆ ಅದರಲ್ಲಿ ಬಾಳಿನ ಸಾಮಗ್ರಿಯಿದೆ. ಗಡಸು ಅತಿಯಾದರೆ ಮಳೆನೀರನ್ನು ಬೆರೆಸಿಕೊಳ್ಳಬಹುದು. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿಯ ನೀರೂ ಆದೀತು. ಆದರೆ ಕ್ಲೋರಿನ್ ಆರಿಹೋಗುವಂತೆ ನಲ್ಲಿಯ ನೀರನ್ನು ಒಂದು ದಿನ ತೆರೆದ ಪಾತ್ರೆಯಲ್ಲಿಡಬೇಕು.

ಆ ಪಾತ್ರೆ ಮಾತ್ರ ತಾಮ್ರದ್ದಾಗಿರಕೂಡದು. ನಮ್ಮ ರಕ್ತದಲ್ಲಿ ಕಬ್ಬಿಣವುಳ್ಳ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುವಂತೆ, ಸೀಗಡಿಯ ರಕ್ತದಲ್ಲಿ ತಾಮ್ರವುಳ್ಳ ಹಿಮೋಸಯನಿನ್ ಹೊರುತ್ತದೆ. ಆಮ್ಲಜನಕ ಕೂಡಿದಾಗ ಅದರ ಬಣ್ಣ ನೀಲಿ. ತಾಮ್ರವಿಲ್ಲದೆ ಬದುಕಲಾರದ ಪ್ರಾಣಿಗೆ ತಾಮ್ರವೇ ಮೃತ್ಯುವಾಗುವುದು ವಿಚಿತ್ರವಲ್ಲವೆ? ದೇಹಕ್ಕೆ ಬೇಕಾದ ಅತ್ಯಲ್ಪ ತಾಮ್ರ ಆಹಾರದಿಂದಲೇ ದೊರೆಯುತ್ತದೆ. ನೀರಿನಲ್ಲಿ ಕರಗಿದ ತಾಮ್ರವಾದರೋ ನೇರವಾಗಿ ಕಿವಿರುಗಳನ್ನು ಸೋಂಕಿ, ದೇಹದ ಲವಣಗಳನ್ನು ಹಿಡಿದಿಡುವ ಕಾರ್ಯವನ್ನು ಕೆಡಿಸುತ್ತದೆ. ಆದುದರಿಂದ ಬಚ್ಚಲುಮನೆಯ ಹಂಡೆಯಲ್ಲಿ ರಾತ್ರಿಯೆಲ್ಲ ನಿಂತ ನೀರು ತೊಟ್ಟಿಗೆ ಸಲ್ಲದು. ಮೀನಿನ ಕೆಲವು ಔಷಧಿಗಳಲ್ಲಿ ಮೈಲುತುತ್ತವಿರುತ್ತದೆ. ಮೀನನ್ನು ಉಳಿಸುವ ಪ್ರಮಾಣವೇ ಸೀಗಡಿಯನ್ನು ಕೊಲ್ಲಬಲ್ಲದು. ಅಡಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣವೂ ಮೈಲುತುತ್ತ ಮತ್ತು ಸುಣ್ಣಗಳ ಮಿಶ್ರಣವೇ. ಅದನ್ನು ಬಳಸುವ ತೋಟದ ಕಾಲುವೆಯಿಂದ ನೀರು ತರಬಾರದು.

ಹೊಸ ತೊಟ್ಟಿಯನ್ನು ಗಿಡಗಳೊಡನೆ ಒಂದು ತಿಂಗಳಾದರೂ ಪಕ್ವವಾಗಲು ಬಿಟ್ಟು, ಅಮೋನಿಯವನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳು ನೆಲೆಸಿದ ಮೇಲೆ ಸೀಗಡಿಯನ್ನು ತರುವುದು ಲೇಸು. ಜತೆಗಾರ ಮೀನುಗಳ ವಿಷಯದಲ್ಲಿ ನಿಯಮ ಸರಳ: ಬಾಯಿಗೆ ಹಿಡಿಸುವ ಸೀಗಡಿಯನ್ನು ತಿನ್ನದ ಮೀನು ವಿರಳ. ಏಂಜೆಲ್ ಮೀನು ಬೇಡವೇ ಬೇಡ. ಸಾಧುವಾದ ಗಪ್ಪಿಯೂ ಮರಿಗಳನ್ನು ನುಂಗುತ್ತದೆ. ಪೊರೆ ಕಳಚಿದ ಸೀಗಡಿ ಅಡಗಿಕೊಳ್ಳಲು ದಟ್ಟವಾದ ಹಾವಸೆಯಿದ್ದರೆ ಇಬ್ಬರೂ ಹೇಗೋ ಬಾಳುತ್ತಾರೆ.

ಹೆಣ್ಣು ತನ್ನ 20–30 ಮೊಟ್ಟೆಗಳನ್ನು ಹೊಟ್ಟೆಯಡಿಯಲ್ಲಿ ಹೊತ್ತು ತಿರುಗುತ್ತದೆ. ಮರಿಗಳು ತಾಯಿಯ ಪುಟ್ಟ ಪ್ರತಿರೂಪವಾಗಿಯೇ ಹೊರಬರುವುದರಿಂದ ಸಂತತಿ ಬೇಗ ಹೆಚ್ಚುತ್ತದೆ. ಹೆಚ್ಚಾದುವನ್ನು ಕೆರೆಗೆ ಬಿಡುವ ಯೋಚನೆ ಮಾತ್ರ ಸಲ್ಲದು. ಜಪಾನ್, ಜರ್ಮನಿ, ಹವಾಯಿಗಳ ನೀರಿನಲ್ಲಿ ಈ ಸೀಗಡಿ ಹೀಗೆಯೇ ನೆಲೆಯೂರಿದೆ. ನಮ್ಮ ಕೆರೆಗಳೋ ಬಿಡಿಬಿಡಿಯಾದುವಲ್ಲ: ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯ ನೀರು ಶಿಂಷೆಯ ಮೂಲಕ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೂ, ಮುಂದೆ ಕಾವೇರಿಗೂ ಹರಿಯುತ್ತದೆ. ಹೆಚ್ಚಾದ ಸೀಗಡಿಗಳನ್ನು ಸಹಪಾಠಿಗಳಿಗೆ ಹಂಚಬಹುದು. ತೊಟ್ಟಿಯಿಂದ ತೆಗೆದ ನೀರನ್ನೂ ಚರಂಡಿಗೆ ಚೆಲ್ಲದೆ ಗಿಡದ ಬುಡಕ್ಕೆ ಹೊಯ್ಯಬೇಕು. ಅದರಲ್ಲಿ ಥಟ್ಟನೆ ಕಣ್ಣಿಗೆ ಬೀಳದ, ಸುಮಾರು 2 ಮಿಲಿಮೀಟರ್ ಉದ್ದದ ಮರಿಗಳಿರಬಹುದು.